ಕೂರಲ್ಲ ಸ್ವಾಮಿ

ಪಂಕ್ಚರ್ ಹಾಕಲೂ ಬಾರದವನು ಸೈಕಲ್ಲಿನ ಕತೆ ಹೇಳಲು ಹೊರಟಿದ್ದೇನೆ. ತಿಳಿದವರು ಕ್ಷಮಿಸಬೇಕು. ಎಲ್ಲಾದರೂ ನಟ್ಟು ಬೋಲ್ಟು ಅದಲುಬದಲಾಗಿದ್ದರೆ ತಪ್ಪು ನನ್ನದು, ತಿದ್ದಪ್ಪನದಲ್ಲ.

ತಿದ್ದಪ್ಪ ಎಂಬುದು ಬೀದಿಯವರು ಇಟ್ಟ ಹೆಸರು. ಅಚ್ಚುಕೂಟದಲ್ಲಿ ಕರಡು ತಿದ್ದುವುದು ಅವನ ಕೆಲಸ. ಪುಟದಲ್ಲಿ ಒಂದು ತಪ್ಪು ಉಳಿದರೂ ಊಟ ಸೇರದ ಮನುಷ್ಯ. ಅಂಥವನ ಸೈಕಲ್ಲು ಆ ರಜೆಯ ಬೆಳಿಗ್ಗೆ ‘ಕೀಂಚ್’ ಎಂದಿತು. ಬಲಗಾಲು ಕೆಳಗೆ ಹೋದಾಗಲೆಲ್ಲ, ಬಾಲ ತುಳಿಸಿಕೊಂಡ ಇಲಿಯ ಹಾಗೆ.

ಸಂಜೆ ಐದರ ಬಸ್ಸಿಗೆ ಮಾವ ಬರುವವರಿದ್ದರು. ಸೈಕಲ್ಲು ಅವರದೇ. ಮೂವತ್ತು ವರ್ಷ ತುಳಿದು, ಒರೆಸಿ, ಮದುವೆಯ ದಿನ ಅಳಿಯನ ಕೈಗಿಟ್ಟಿದ್ದರು. “ಮಗಳನ್ನೂ ಸೈಕಲ್ಲನ್ನೂ ಒಂದೇ ದಿನ ಕೊಡ್ತಿದೀನಿ. ಸೈಕಲ್ ಅತ್ತರೆ ಮಗಳೂ ಅಳ್ತಿದಾಳೆ ಅಂತಲೇ ತಿಳ್ಕೋತೀನಿ” ಎಂದಿದ್ದರು. ಬಂದಾಗಲೆಲ್ಲ ಮೊದಲು ಸೈಕಲ್ಲು ನೋಡಿ, ಆಮೇಲೆ ಮಗಳ ಕ್ಷೇಮ ಕೇಳುವರು.

ಎದುರು ಮನೆಯ ನಿವೃತ್ತ ಬಸ್ ಡ್ರೈವರು ಗೇಟಿಗೆ ಗಲ್ಲ ಊರಿ ತೀರ್ಪು ಕೊಟ್ಟರು. “ಪೆಡಲ್ಲು. ಮೂವತ್ತೆರಡು ವರ್ಷ ಗಾಡಿ ಓಡ್ಸಿದೀನಿ. ಸದ್ದು ಕೇಳಿದ್ರೆ ಸಾಕು, ಜಾತಕ ಹೇಳ್ತೀನಿ.”

“ನಿಮ್ಮ ಬಸ್ಸಿಗೆ ಸೈಕಲ್ ಪೆಡಲ್ ಇತ್ತಾ ಅಣ್ಣಾ?” ಎಂದಳು ಒಳಗಿನಿಂದ ಹೆಂಡತಿ. “ರೀ, ಒಂದು ತೊಟ್ಟು ಎಣ್ಣೆ ಬಿಡಿ, ಮುಗೀತು.”

“ಎಣ್ಣೆ ಬಿಟ್ರೆ ತಪ್ಪು ಮುಚ್ಚಿ ಹೋಗುತ್ತೆ ಕಣೆ, ತಿದ್ದಿದ ಹಾಗಾಗಲ್ಲ” ಎಂದು ತಿದ್ದಪ್ಪ ಹೊರಟ.

ಬಸ್ ನಿಲ್ದಾಣದ ಎದುರಿನ ರಿಪೇರಿ ಅಂಗಡಿಯಲ್ಲಿ ಒಂದು ಬೋರ್ಡು ತೂಗುತ್ತಿತ್ತು: ‘ಹಾಕಿದ್ದು ಗಿರಾಕಿಗೆ, ಬಿಚ್ಚಿದ್ದು ಅಂಗಡಿಗೆ.’ ರಿಪೇರಿಯವ ಹಳೆಯ ಪೆಡಲ್ ಬಿಚ್ಚಿ, ಹೊಸದನ್ನು ತಿರುಗಿಸಿ ನೋಡಿ, ತಲೆಯಾಡಿಸಿದ.

“ಕೂರಲ್ಲ ಸ್ವಾಮಿ.”

“ಯಾಕಪ್ಪಾ?”

“ಪೆಡಲ್ಲು ಮೊಮ್ಮಗನ ಕಾಲದ್ದು, ಅದನ್ನ ಹಿಡಿಯೋ ಕ್ರ್ಯಾಂಕು ಅಜ್ಜನ ಕಾಲದ್ದು. ಇಬ್ಬರಿಗೂ ಮಾತುಕತೆ ಇಲ್ಲ.”

ಕ್ರ್ಯಾಂಕ್ ಬದಲಾಯಿತು. ಅದರ ಹಲ್ಲಿಗೆ ಹಳೆಯ ಚೈನು ಕೂರಲಿಲ್ಲ. ಹೊಸ ಚೈನು ಹಿಂದಿನ ಚಕ್ರಕ್ಕೆ ಕೂರಲಿಲ್ಲ. ಹೊಸ ಚಕ್ರ ಹಾಕಿದರೆ ಸೈಕಲ್ಲು ಹಿಂಗಾಲು ಎತ್ತಿದ ಕತ್ತೆಯಂತೆ ಮುಗ್ಗರಿಸಿ ನಿಂತಿತು. ಒಂದು ಪದ ತಿದ್ದಿದರೆ ಇಡೀ ಪುಟವೇ ಜಾರುವುದನ್ನು ತಿದ್ದಪ್ಪ ಎಷ್ಟೋ ಸಲ ಕಂಡಿದ್ದ. ಆದರೆ ಅರ್ಧ ತಿದ್ದಿ ಬಿಡುವುದು ಅವನ ಜಾಯಮಾನವಲ್ಲ.

ಅಷ್ಟರಲ್ಲಿ ಡ್ರೈವರು ಹಾಜರಾದರು. “ಹಿಂದಿನ ಚಕ್ರ ಮಾತ್ರ ಹೊಸದಾದ್ರೆ ಗಾಡಿ ಎಡಕ್ಕೆ ಎಳೆಯುತ್ತಪ್ಪಾ. ಮುಂದಿಂದೂ ಹಾಕ್ಸು.”

ಮುಂದಿನದೂ ಬಂತು. ಬ್ರೇಕು ಬಂತು, ಹ್ಯಾಂಡಲ್ ಬಂತು, ಸೀಟು ಬಂತು. ಮಧ್ಯಾಹ್ನ ಮೂರಕ್ಕೆ ರಿಪೇರಿಯವ ಎದ್ದು ನಿಂತು, ಆಪರೇಷನ್ ಕೋಣೆಯಿಂದ ಹೊರಬಂದ ಡಾಕ್ಟರಂತೆ ಕೈ ಒರೆಸಿಕೊಂಡ. “ಫ್ರೇಮು ಕೂರಲ್ಲ ಸ್ವಾಮಿ.”

“ಬೆಲ್ ಆದರೂ ಉಳಿಯುತ್ತೇನಪ್ಪಾ?” ಎಂದು ತಿದ್ದಪ್ಪ ಅದನ್ನು ಅಂಗೈಯಲ್ಲಿ ಮುಚ್ಚಿಕೊಂಡ.

“ಬೆಲ್ ಕೂರುತ್ತೆ.”

“ನಾನು ಹೇಳಿದ್ದು ಪೆಡಲ್ಲು ಒಂದೇ ಕಣಯ್ಯಾ” ಎಂದು ಡ್ರೈವರು ಆಗಲೇ ಕೈ ತೊಳೆದುಕೊಂಡರು.

ಫಳಫಳ ಹೊಳೆಯುವ ಸೈಕಲ್ಲೇರಿ ತಿದ್ದಪ್ಪ ಮನೆಯ ಬೀದಿಗೆ ತಿರುಗಿದ. ಬಲಗಾಲು ಕೆಳಗೆ ಹೋಯಿತು.

ಕೀಂಚ್.

“ಹಾಗಾದ್ರೆ ಚಪ್ಪಲಿ” ಎಂದರು ಹಿಂದೆಯೇ ಏದುಸಿರು ಬಿಡುತ್ತ ಬಂದ ಡ್ರೈವರು. ಚಪ್ಪಲಿ ಬಿಟ್ಟು ತುಳಿದ. ಕೀಂಚ್. “ಮೊಣಕಾಲೇನಾದ್ರೂ...?”

“ಎಣ್ಣೆ ತರ್ಲಾ?” ಎಂದಳು ಬಾಗಿಲಲ್ಲಿ ನಿಂತ ಹೆಂಡತಿ.

ಐದೂವರೆಗೆ ಮಾವ ಬಂದರು. ಬಸ್ಸಿಳಿದು ನಡೆದು ಬರಲಿಲ್ಲ. ಸೈಕಲ್ ತುಳಿದುಕೊಂಡು ಬಂದರು. ಫ್ರೇಮಿನ ಮೇಲಿನ ತಗ್ಗು, ಸೀಟಿನ ಹೊಲಿಗೆ ನೋಡಿ ತಿದ್ದಪ್ಪ ಗುರುತು ಹಿಡಿದ. ಅವನದೇ ಸೈಕಲ್ಲು! ಚೂರೂ ಸದ್ದಿಲ್ಲ.

“ಅಳಿಯಂದಿರೇ, ಬಸ್ಸಿಳಿದ್ರೆ ಎದುರಿಗೇ ನಿಂತಿತ್ತು! ನಿಮಗೆ ಕೊಟ್ಟಿದ್ದರ ಒಡಹುಟ್ಟು. ಬೆಲ್ ಒಂದಿಲ್ಲ ಅಷ್ಟೆ. ಎಲ್ಲಾ ಭಾಗಾನೂ ಒಂದಕ್ಕೊಂದು ಹೇಳಿ ಮಾಡಿಸಿದ ಹಾಗೆ ಕೂತಿದೆ ಅಂದ ಅಂಗಡಿಯವ. ಕೊಂಡೇಬಿಟ್ಟೆ.”

ಆಮೇಲೆ ಅವರ ಕಣ್ಣು ಗೋಡೆಗೊರಗಿದ್ದ ಸೈಕಲ್ಲಿಗೆ ಹೋಯಿತು. ಬೆಲ್ ಬಾರಿಸಿದರು. ಮುಖ ಅರಳಿತು. “ಇದು ನನ್ನ ಬೆಲ್ಲೇ! ಏನು ಒರೆಸಿದೀರಿ ಅಳಿಯಂದಿರೇ! ನನ್ನ ಕೈಲಿದ್ದಾಗಲೂ ಹೀಗೆ ಹೊಳೀತಿರಲಿಲ್ಲ.”

ತಿದ್ದಪ್ಪ ತಿದ್ದಲು ಬಾಯಿ ತೆರೆದ. ಹೆಂಡತಿ ಅವನ ಕಾಲು ತುಳಿದು, “ಹೂಂ ಅನ್ನಿ” ಎಂದಳು.

“ಹೂಂ.”

“ಮಗಳೂ ಸುಖವಾಗಿದಾಳೆ ಅಂತಾಯ್ತು. ವಯಸ್ಸಾದವನಿಗೆ ಇಂಥದ್ದೇ ಬೇಕು ನೋಡಿ. ಈ ಹೊಳೆಯೋದನ್ನ ನಾನು ಒಯ್ತೀನಿ, ನಾನು ತಂದಿದ್ದನ್ನ ನೀವಿಟ್ಕೊಳ್ಳಿ. ಮುಂದಿನ ತಿಂಗಳು ಬರೋ ಹೊತ್ತಿಗೆ ಅದನ್ನೂ ಹೀಗೇ ಹೊಳೆಸಿಡಬೇಕು. ನಿಮ್ಮ ಕೈಗುಣ!”

ಏಳರ ಬಸ್ಸಿನ ಮೇಲೆ ಹಾಕಿಸಿಕೊಳ್ಳಲೆಂದು ಮಾವ ಹೊಸ ಸೈಕಲ್ಲೇರಿ, ಬೀದಿಯುದ್ದಕ್ಕೂ ಬೆಲ್ ಬಾರಿಸುತ್ತ ಹೋದರು. ಅದು ಬೆಣ್ಣೆಯಲ್ಲಿ ಕೂದಲೆಳೆದಂತೆ ಸದ್ದಿಲ್ಲದೆ ಸಾಗಿತು.

ತಿದ್ದಪ್ಪ ಹಳೆಯ ತಗ್ಗನ್ನು ಸವರಿ, ತನ್ನ ಸೈಕಲ್ಲೇರಿದ. ಹೆಬ್ಬೆರಳು ಬೆಲ್ ಹುಡುಕಿತು, ಇರಲಿಲ್ಲ. ಬಲಗಾಲು ಕೆಳಗೆ ಹೋಯಿತು.

ಕೀಂಚ್.

ಆ ಸದ್ದು ಎಲ್ಲಿಂದ ಬರುತ್ತದೆಂದು ಡ್ರೈವರಿಗೂ ಗೊತ್ತಾಗಲಿಲ್ಲ, ರಿಪೇರಿಯವನಿಗೂ ಗೊತ್ತಾಗಲಿಲ್ಲ. ನನಗಂತೂ ಗೊತ್ತಿಲ್ಲ.