ಅಂಜನಮೂರ್ತಿ ಬ್ರೇಕು ಬಿಡಿಸಿದ್ದು

“ಬ್ರೇಕು ಅಂದ್ರೆ ಏನೇ? ತಿರುಗೋ ಚಕ್ರನ ಹಿಡ್ಕೊಳ್ಳೋ ಒಂದು ಕೈ! ಆ ಕೈ ಬಿಡಿಸಿದ್ರೆ ಗಾಡಿ ಓಡ್ತದೆ. ಇಷ್ಟಕ್ಕೆ ತುಮಕೂರಿಂದ ಮೆಕ್ಯಾನಿಕ್ ಬರ್ಬೇಕಾ?”

ಭಾನುವಾರ ಬೆಳಿಗ್ಗೆ ರಾಗಿರೊಟ್ಟಿ ಮುರಿಯುತ್ತಾ ಅಂಜನಮೂರ್ತಿ ಹೀಗೆ ಘೋಷಿಸಿದಾಗ ಅವನ ಹೆಂಡತಿ ಮಂಗಳಗೌರಿ ಒರಳುಕಲ್ಲಿನ ಮುಂದೆ ಕೂತಿದ್ದಳು.

“ಮಿಕ್ಸಿ ಬಿಚ್ಚಿದಾಗ್ಲೂ ಹಿಂಗೇ ಅಂದಿದ್ರಿ. ಅವತ್ತಿಂದ ನಾನು ಚಟ್ನಿನ ಒರಳಲ್ಲೇ ರುಬ್ತಿದೀನಿ.”

“ಮಿಕ್ಸಿ ಬೇರೆ, ಜೆಸಿಬಿ ಬೇರೆ ಕಣೇ.”

“ಹೂಂ. ಮಿಕ್ಸಿ ಕೆಟ್ರೆ ಚಟ್ನಿ ಇರಲ್ಲ. ಅದು ಕೆಟ್ರೆ ಯಾರ್ ಚಟ್ನಿ ಆಗ್ತಾರೋ!”

ಅಂಜನಮೂರ್ತಿ ಗುಬ್ಬಿಯ ಸಹಕಾರ ಸಂಘವೊಂದರಲ್ಲಿ ಗುಮಾಸ್ತ. ವಾರವೆಲ್ಲ ಕುರ್ಚಿಗೆ ಅಂಟಿಕೊಂಡೇ ಕೂರುವ ಈ ಮನುಷ್ಯ, ತೋಟದಲ್ಲಿ ತೆಂಗಿನ ಗುಂಡಿ ತೋಡಲು, ಮಿಕ್ಕ ದಿನ ಬಾಡಿಗೆಗೆ ಬಿಡಲು ಅಂತ ಕುಣಿಗಲ್‌ನಿಂದ ಒಂದು ಹಳೇ ಜೆಸಿಬಿ ತಂದಿದ್ದ. ಅದು ಬಂದ ದಿನ ಮನೆ ಮುಂದಿನ ಇಳಿಜಾರಿನಲ್ಲಿ ನಿಂತಿತು. ಮಳೆಗಾಲ ಪೂರ್ತಿ ಅಲ್ಲೇ ನೆನೆಯಿತು. ಮಳೆ ಬಿಟ್ಟ ಮೇಲೆ ಶುರು ಮಾಡಿದರೆ ಎಂಜಿನ್ ಗುಡುಗಿತು, ಹೊಗೆ ಉಗುಳಿತು, ಆದರೆ ಗಾಡಿ ಮಾತ್ರ ಅಲ್ಲಾಡಲಿಲ್ಲ. ಹಿಂದಿನ ಎರಡು ಚಕ್ರದ ಬ್ರೇಕೂ ತುಕ್ಕು ಹಿಡಿದು ಕಚ್ಚಿಕೊಂಡಿದ್ದವು.

ಮಾರನೇ ದಿನವೇ ಮೊದಲ ಬಾಡಿಗೆ! ಅದೇ ಬೀದಿಯ ಕೆಳಗಡೆ ಮನೆಯ ಸದಾಶಿವಯ್ಯ ಹೊಸ ಮನೆಗೆ ಪಾಯ ತೆಗೆಸಬೇಕಿತ್ತು. ಬೇರೆಯವರಿಗೆ ಹೇಳಲು ಹೊರಟವರನ್ನು ಅಂಜನಮೂರ್ತಿಯೇ ತಡೆದು, “ಸದಾಶಿವಣ್ಣ, ಸೋಮವಾರ ಬೆಳಿಗ್ಗೆ ನನ್ ಗಾಡಿ ನಿಮ್ ಸೈಟಲ್ಲಿರ್ತದೆ” ಎಂದು ಎದೆ ತಟ್ಟಿಕೊಂಡು ಹೇಳಿ ಬಂದಿದ್ದ.

ಫೋನಿನಲ್ಲಿ ಒಂದು ವಿಡಿಯೋ ನೋಡಿದ. ಅರ್ಧ ನೋಡುವಷ್ಟರಲ್ಲಿ ಎಲ್ಲ ಅರ್ಥವಾಯಿತು ಅನಿಸಿತು. ಎಂಜಿನ್ ಶುರು ಮಾಡಿ, ಮುಂದಿನ ಬಕೆಟ್ಟನ್ನು ನೆಲಕ್ಕೆ ಒತ್ತಿ, ಗಾಡಿಯ ಹಿಂದಿನ ಎರಡು ಕಬ್ಬಿಣದ ಕಾಲು ಊರಿದ. ಆ ಭಾರೀ ಗಾಡಿ ಗೊರಗೊರ ಅನ್ನುತ್ತಾ ನಾಲ್ಕು ಚಕ್ರವನ್ನೂ ನೆಲದಿಂದ ಎತ್ತಿಕೊಂಡು ನಿಂತಿತು! ಜಗಲಿಯಲ್ಲಿ ಎಲೆಯಡಿಕೆ ಹಾಕುತ್ತಿದ್ದ ಅವನ ತಾಯಿ ದೊಡ್ಡಗಂಗಮ್ಮ ಬೆರಗಾದರು.

“ಎದ್ದೇಬುಡ್ತಲ್ಲೋ ಮಗಾ! ಹುಷಾರು ಕಣ್ಲಾ.”

ತಾಯಿಯ ಬೆರಗು ಮಗನ ತಲೆಗೇರಿತು. ಗಾಡಿಯ ಅಡಿಗೆ ನುಗ್ಗಿ ಸಿಕ್ಕಿದ ಸ್ಕ್ರೂ ತಿರುಗಿಸಿದ. ಚುಯ್ ಎಂದು ಹಳೇ ಬ್ರೇಕ್ ಆಯಿಲ್ ಮುಖಕ್ಕೇ ಹಾರಿತು. ಸುತ್ತಿಗೆಯಿಂದ ಬಡಿದ. ಚಕ್ರ ಜಪ್ಪಯ್ಯ ಅನ್ನಲಿಲ್ಲ. ತುಕ್ಕಿಗೆ ಮದ್ದು ಎಣ್ಣೆ ತಾನೆ? ಸೀದಾ ಅಡುಗೆಮನೆಗೆ ಹೋಗಿ, ಗಾಣದಿಂದ ತಂದಿಟ್ಟಿದ್ದ ಕೊಬ್ಬರಿ ಎಣ್ಣೆಯ ಕ್ಯಾನನ್ನು ಎತ್ತಿಕೊಂಡು ಬಂದ.

“ರೀ, ಅದು ತಲೆಗೆ ಹಾಕೋದು!” ಮಂಗಳಗೌರಿ ಹಿಂದೆಯೇ ಓಡಿ ಬಂದಳು.

“ತಲೆ ಉಪಯೋಗಿಸೇ ತಗೊಂಡಿರೋದು, ಸುಮ್ನಿರು!”

ಅರ್ಧ ಕ್ಯಾನು ಬಲಗಡೆ ಬ್ರೇಕಿಗೆ, ಅರ್ಧ ಎಡಗಡೆಗೆ. ಮತ್ತೆ ಬಡಿದ. ಮೊದಲು ಕಿರ್ ಅಂದಿತು, ಆಮೇಲೆ ಕರ್ ಅಂದಿತು, ಕೊನೆಗೆ ಚಕ್ರ ಬೆಣ್ಣೆಯಂತೆ ತಿರುಗಿತು! ಅಂಜನಮೂರ್ತಿ ಕರೀ ಮುಖದಲ್ಲಿ ಬಿಳೀ ಹಲ್ಲು ಬಿಟ್ಟ.

“ನೋಡ್ದೇನೇ? ಬಿಡ್ಸಿದೆ!”

“ಬಿಡ್ಸಿದ್ರಿ ಸರಿ. ಮತ್ತೆ ಹಿಡೀತದಾ?”

ಅಂಜನಮೂರ್ತಿ ಆಗಲೇ ಸೀಟಿಗೆ ಹತ್ತಿದ್ದ. ಗಾಡಿಯ ಹಿಂದಿನ ಕಾಲು ಮಡಿಸಿದ. ಬಕೆಟ್ ಎತ್ತಿದ. ಅವನು ಗೇರ್ ಮುಟ್ಟುವ ಮೊದಲೇ ಗಾಡಿ ತನ್ನಷ್ಟಕ್ಕೆ ತಾನೇ ಇಳಿಜಾರಿನಲ್ಲಿ ಹೊರಟಿತು!

“ರೀ, ಬ್ರೇಕ್ ಒತ್ರೀ!”

“ಒತ್ತಿದೀನಿ ಕಣೇ!”

ಎಣ್ಣೆ ಕುಡಿದ ಬ್ರೇಕು ಎಲ್ಲಿ ಹಿಡಿದೀತು? ಪೆಡಲ್ ಪೂರ್ತಿ ಕೆಳಗೆ ಹೋಗಿ ಅಲ್ಲೇ ಉಳಿಯಿತು. ಹ್ಯಾಂಡ್‌ಬ್ರೇಕ್ ಎಳೆದ. ಅದು ಬುಡಸಮೇತ ಕೈಗೇ ಬಂತು. ಎದುರಿಗೆ ಸದಾಶಿವಯ್ಯನವರ ಗೇಟು, ಅದರ ಪಕ್ಕದಲ್ಲಿ ಅವರ ಹೊಸ ಸ್ಕೂಟರ್. ದೊಡ್ಡಗಂಗಮ್ಮ ಜಗಲಿಯಿಂದಲೇ, “ಬಕೀಟು ಕೆಳೀಕ್ ಬುಡ್ಲಾ!” ಎಂದು ಕೂಗಿದರು.

ಬಕೆಟ್ ಇಳಿಸಿದ. ಅದರ ಹಲ್ಲುಗಳು ರಸ್ತೆಗೆ ನಾಟಿ, ಮಣ್ಣು ಸೀಳಿಕೊಂಡು ಹೋಗಿ, ಗಾಡಿ ಗಕ್ಕನೆ ನಿಂತಿತು. ಸ್ಕೂಟರ್ ಉಳಿಯಿತು, ಗೇಟು ಉಳಿಯಿತು. ಅಂಜನಮೂರ್ತಿ ಉಸಿರು ಬಿಡುವಷ್ಟರಲ್ಲಿ ಬಕೆಟ್ಟಿನ ಕೆಳಗಿನಿಂದ ನೀರು ತೆಂಗಿನ ಮರದೆತ್ತರ ಚಿಮ್ಮಿತು! ಇಡೀ ಬೀದಿಯ ನಲ್ಲಿ ಪೈಪು ಒಡೆದಿತ್ತು.

ಸದಾಶಿವಯ್ಯ ಸೊಂಟಕ್ಕೆ ಟವೆಲ್, ಮೈಗೆಲ್ಲ ಸೋಪು ಮೆತ್ತಿಕೊಂಡು ಹೊರಗೆ ಬಂದರು.

“ಏನಪ್ಪಾ ಅಂಜನಮೂರ್ತಿ, ನಲ್ಲೀಲಿ ನೀರ್ ನಿಂತೋಯ್ತು ಅಂತ ಬಂದೆ. ಎಲ್ಲಾ ಇಲ್ಲೇ ಅದೆ!”

ಮಂಗಳಗೌರಿ ತಲೆ ತಗ್ಗಿಸಿಕೊಂಡು ತಮ್ಮ ಮನೆಯ ಸಂಪಿನಿಂದ ಅವರಿಗೆ ಎರಡು ಬಕೆಟ್ ನೀರು ತಂದಿಟ್ಟಳು. ಅದನ್ನು ನೋಡಿ ಉಳಿದ ಮನೆಯವರೂ ಕೊಡ ಹಿಡಿದು ಬಂದರು. ಮಧ್ಯಾಹ್ನದೊಳಗೆ ಸಂಪಿನ ತಳ ಕಂಡಿತು.

ಇಷ್ಟರಲ್ಲಿ ಅವಳು ತುಮಕೂರಿನ ಮೆಕ್ಯಾನಿಕ್ಕಿಗೂ ಫೋನ್ ಮಾಡಿದ್ದಳು. ನಡೆದದ್ದೆಲ್ಲ ಕೇಳಿ ಅವನು, “ಬ್ರೇಕಿಗೆ ಏನ್ ಎಣ್ಣೆ ಹಾಕಿದ್ರು ಮೇಡಂ?” ಅಂದ.

“ಕೊಬ್ರಿ ಎಣ್ಣೆ.”

ಮೆಕ್ಯಾನಿಕ್ ಇನ್ನೊಮ್ಮೆ ಕೇಳಿ ಖಚಿತ ಮಾಡಿಕೊಂಡ.

“ನಾಳಿದ್ದು ಬರ್ತೀನಿ. ಅಲ್ಲೀತನಕ ಯಜಮಾನ್ರನ್ನ ಅದರ ಹತ್ರ ಬಿಡ್ಬೇಡಿ. ಒಗ್ಗರಣೇನೂ ಹಾಕ್ಬಿಟ್ಟಾರು!”

ನೀರು ಬಿಡುವ ಚೌಡಪ್ಪ ವಾಲ್ವ್ ನಿಲ್ಲಿಸಿ ಬಂದು, ಗುಂಡಿಯನ್ನೂ ಜೆಸಿಬಿಯನ್ನೂ ನೋಡಿದ. “ಪೈಪ್ ಹಾಕ್ಬೇಕಂದ್ರೆ ಆ ಕಡೆ ಈ ಕಡೆ ಇನ್ನೂ ಅಗೀಬೇಕು, ಅಂಜನಣ್ಣ.”

“ಗಾಡಿ ಶುರು ಮಾಡ್ಲಾ? ಒಂದೇ ನಿಮಿಷ!”

“ಬ್ಯಾಡ!” ಇಡೀ ಬೀದಿ ಒಂದೇ ಬಾಯಲ್ಲಿ ಅಂದಿತು.

ಆಮೇಲೆ ಅಂಜನಮೂರ್ತಿ ಪಂಚೆ ಎತ್ತಿ ಕಟ್ಟಿ ಗುಂಡಿಗೆ ಇಳಿದ. ಜೆಸಿಬಿಯ ನೆರಳಲ್ಲೇ ನಿಂತು ಸಂಜೆಯವರೆಗೂ ಗುದ್ದಲಿ ಹಾಕಿದ. ಅಂಗೈಯಲ್ಲಿ ಬೊಬ್ಬೆ ಎದ್ದವು. ಅಂತೂ ಚೌಡಪ್ಪ ಹೊಸ ಪೈಪು ಜೋಡಿಸಿದ, ನಲ್ಲಿಯಲ್ಲಿ ನೀರು ಬಂತು, ಬೀದಿಯಲ್ಲಿ ಸೇರಿದ್ದ ಗುಂಪು ಕರಗಿತು.

ಸದಾಶಿವಯ್ಯ ಮಾತ್ರ ಗೇಟಿಗೆ ಒರಗಿಕೊಂಡು ನಿಂತೇ ಇದ್ದರು. ಬಾಡಿಗೆ ಕೈತಪ್ಪಿತು ಎಂದುಕೊಂಡ ಅಂಜನಮೂರ್ತಿ ಧೈರ್ಯ ಮಾಡಿ ಕೇಳಿದ:

“ಸದಾಶಿವಣ್ಣ, ನಾಳೆ ಪಾಯದ ಕೆಲ್ಸಕ್ಕೆ... ಬರೋದಾ, ಬ್ಯಾಡ್ವಾ?”

ಅವರು ಗುಂಡಿಯ ಅಂಚನ್ನು ಕಾಲಿನಿಂದ ಒತ್ತಿ ನೋಡಿದರು. ನೆಟ್ಟಗಿತ್ತು.

“ಬಾರಪ್ಪ, ಯಾಕ್ ಬ್ಯಾಡ? ನಿನ್ ಕೈಕೆಲ್ಸ ಒಪ್ಪವಾಗದೆ. ಬೆಳಿಗ್ಗೇನೇ ಬಂದ್ಬುಡು. ಜೆಸಿಬಿ ಇಲ್ಲೇ ಇರ್ಲಿ, ಗುದ್ದಲಿ ತಗೊಂಡ್ ಬಾ!”