ಮುಂದಿನ ಸೀಟಿನ ಭಾವ, ಶ್ರೀಲಂಕಾದಲ್ಲಿ

ನಮ್ಮ ಭಾವ ಎಂಟು ದಿನ ಶ್ರೀಲಂಕಾ ಸುತ್ತಿ ಬಂದರು. ಅಲ್ಲಿ ಏನು ನೋಡಿದಿರಿ ಎಂದು ಯಾರಾದರೂ ಕೇಳಿದರೆ, ಒಬ್ಬ ಒಳ್ಳೆಯ ಡ್ರೈವರನ್ನು ನೋಡಿದೆ ಅನ್ನುತ್ತಾರೆ. ಅಷ್ಟೇ! ಸಮುದ್ರ, ಆನೆ, ಟೀ ತೋಟ ಎಲ್ಲ ತೋರಿಸಿ ಸುಸ್ತಾದವನು ನಾನು.

ಭಾವ ಅಂದರೆ ನನ್ನ ಅಕ್ಕನ ಗಂಡ, ತಿ. ನರಸೀಪುರದವರು. ಮೂವತ್ತು ವರ್ಷ ಲಾರಿ ಓಡಿಸಿದವರು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಅವರ ಲಾರಿಗೇ ಕ್ಲೀನರ್ ಆದವನು. ಕಲಿತದ್ದೆಲ್ಲ ಅವರ ಬೈಗುಳದಲ್ಲೇ. ಇವತ್ತು ನಂಜನಗೂಡಿನಲ್ಲಿ ನನ್ನವೇ ಮೂರು ಲಾರಿಗಳಿವೆ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಹೋದ ವರ್ಷ ಕಣ್ಣಿನ ಡಾಕ್ಟರು ಭಾವನಿಗೆ, ಇನ್ನು ಸ್ಟೀರಿಂಗ್ ಮುಟ್ಟಬೇಡಿ, ದೃಷ್ಟಿ ದಿನೇ ದಿನೇ ಇಳಿಯುತ್ತದೆ ಎಂದರು. ಭಾವ ಆಸ್ಪತ್ರೆಯ ಮೆಟ್ಟಿಲಲ್ಲೇ ತೀರ್ಪು ಕೊಟ್ಟರು:

‘ಅವ್ನೇ ಕನ್ನಡ್ಕ ಆಕ್ಕಂಡವ್ನೆ ಕಣ್ಲಾ. ಅವ್ನೇನ್ ನನ್ ಕಣ್ ನೋಡಾನು?’

ಕಾಣುತ್ತಿರುವಾಗಲೇ ನಾಲ್ಕು ಹೊಸ ಜಾಗ ನೋಡಲಿ, ಸ್ಟೀರಿಂಗ್ ಮರೆಯಲಿ ಎಂಬುದು ನನ್ನ ಆಸೆ. ಸ್ಟೀರಿಂಗ್ ಮರೆಸುವುದಕ್ಕೆ ಎಂಟು ದಿನ ಕಾರಿನಲ್ಲಿ ಕೂರಿಸಿಕೊಂಡು ಹೋದ ಬುದ್ಧಿವಂತ ಈ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು!

ಕೊಲಂಬೊದಲ್ಲಿ ನಮಗೆ ಸಿಕ್ಕಿದವನು ಡ್ರೈವರೂ ಅವನೇ, ಗೈಡೂ ಅವನೇ. ಅಲ್ಲಿನ ಬೆಟ್ಟದ ಕಡೆಯ ತಮಿಳ. ಸತ್ಯಮಂಗಲದ ಘಾಟಿ ಹತ್ತಿ ಇಳಿದು ನಾವಿಬ್ಬರೂ ಕಲಿತಿದ್ದ ಲಾರಿ ತಮಿಳು ಅವನ ಜೊತೆ ಮಾತಿಗೆ ಸಾಕಾಯಿತು. ಅವನು ಹಿಂದಿನ ಬಾಗಿಲು ತೆರೆದು ವಿನಯದಿಂದ ನಿಂತ. ಭಾವ ಅದನ್ನು ಮುಚ್ಚಿ, ಮುಂದೆ ಹೋಗಿ ಕೂತರು. ಎಂಟು ದಿನವೂ ಹಿಂದಿನ ಸೀಟು ನನಗೇ ಗತಿ.

ಮೊದಲ ಬೆಳಗ್ಗೆಯೇ ನಿಂಬೆಹಣ್ಣು ಬೇಕೆಂದು ಹಟ. ಹೋಟೆಲಿನ ಅಡುಗೆಮನೆಯಿಂದಲೇ ನಾಲ್ಕು ತರಿಸಿ, ನಾಲ್ಕು ಚಕ್ರದ ಕೆಳಗಿಟ್ಟು, ಈಗ ಬಿಡು ಎಂದರು. ಬಾಡಿಗೆ ಕಾರಿಗೆ ಪರದೇಶದಲ್ಲಿ ಪೂಜೆ! ನಾನು ತಲೆ ತಗ್ಗಿಸಿ ನಿಂತಿದ್ದರೆ ಆ ಡ್ರೈವರ್ ಚಪ್ಪಲಿ ಬಿಟ್ಟು ಕೈ ಮುಗಿದ. ಅಲ್ಲಿಗೆ ಇಬ್ಬರೂ ಒಂದೇ ಪಾರ್ಟಿ.

ಹೊರಟ ಮೇಲೆ ಭಾವ ಕಾಲ ಕೆಳಗಿಲ್ಲದ ಬ್ರೇಕನ್ನು ತುಳಿಯುತ್ತಲೇ ಇದ್ದರು. ಸಾಲದ್ದಕ್ಕೆ ಪ್ರಶ್ನೆ. ಎದುರಿಗೆ ಬರುತ್ತಿರುವುದು ಬಸ್ಸೋ ಲಾರಿಯೋ? ಆ ಬೋರ್ಡಿನಲ್ಲಿ ಏನಿದೆ? ಗದ್ದೆಯಲ್ಲಿ ನಾಟಿಯೋ ಕಟಾವೋ? ಲೈಸೆನ್ಸ್ ಕೊಡುವ ಇನ್ಸ್‌ಪೆಕ್ಟರ್ ಕೂಡ ಇಷ್ಟು ಕೇಳುವುದಿಲ್ಲ. ಅವನು ಮಾತ್ರ ಒಂದಕ್ಕೂ ಬೇಸರಿಸದೆ ಉತ್ತರ ಕೊಡುತ್ತಿದ್ದ. ನನಗೇ ತಡೆಯಲಾಗಲಿಲ್ಲ.

‘ಭಾವ, ಅವನ ದೇಶ, ಅವನ ರೋಡು. ಬುಡಿ ಅತ್ಲಾಗೆ.’

‘ನೀನು ಇಂದ್ಗಡೆ ಕೂತ್ಕಂಡು ಪ್ಯಾಸೆಂಜರ್ ಕೆಲ್ಸ ನೋಡ್ಕ’ ಅಂದರು.

ಸಿಗಿರಿಯಾದ ದೊಡ್ಡ ಬಂಡೆಯ ಮುಂದೆ ಇಳಿದಾಗ, ನಮ್ಮೂರ ಕಡೆಯ ಮುಡುಕುತೊರೆ ಬೆಟ್ಟವನ್ನೇ ಒಂಚೂರು ಎತ್ತರಕ್ಕೆ ನಿಲ್ಲಿಸಿದ್ದಾರೆ ಎಂದರು. ಹತ್ತಲು ಒಪ್ಪಲಿಲ್ಲ. ಗಾಡಿ ಹತ್ತಿರ ಒಬ್ಬರಾದರೂ ಇರಬೇಕಂತೆ! ನಾನು ಮಂಡಿ ಹಿಡಿದುಕೊಂಡು ಮೇಲೆ ಹೋಗಿ, ಏದುಸಿರು ಬಿಡುತ್ತಾ ಕೆಳಗೆ ಬಂದರೆ, ಇಬ್ಬರೂ ನೆರಳಲ್ಲಿ ಟಯರ್ ತಟ್ಟಿ ತಟ್ಟಿ ಗಾಳಿ ನೋಡುತ್ತಿದ್ದರು. ಹೋಟೆಲುಗಳಲ್ಲಿ ಡ್ರೈವರುಗಳ ಊಟ ಹಿಂದಿನ ಕೋಣೆಯಲ್ಲಿ. ಭಾವ ದಿನವೂ ಅಲ್ಲಿಗೇ ಹೋದರು. ಡ್ರೈವರ್ ಊಟ ಡ್ರೈವರ್ ಜೊತೆ ಎಂಬುದು ಅವರ ಕಾನೂನು. ಮುಂದಿನ ಹಾಲಿನಲ್ಲಿ ಸಾಲಾಗಿಟ್ಟ ಇಪ್ಪತ್ತು ಬಗೆಯ ಅಡುಗೆಯ ಎದುರು ನಾನೊಬ್ಬನೇ ಅನಾಥನ ಹಾಗೆ ಉಂಡೆ.

ಏಳನೇ ದಿನ ಬೆಟ್ಟದ ರಸ್ತೆಯಲ್ಲಿ ಟೀಗೆ ನಿಲ್ಲಿಸಿದೆವು. ಭಾವ ಬಾನೆಟ್ಟಿನ ಮೇಲೆ ಕೈಯಿಟ್ಟುಕೊಂಡು ದೂರದಲ್ಲಿ ನಿಂತಿದ್ದರು. ನಾನು ಡ್ರೈವರನ ಹತ್ತಿರ ಹೋಗಿ, ತಪ್ಪು ತಿಳಿಯಬೇಡಪ್ಪ, ಯಾರನ್ನು ಕಂಡರೂ ಪರೀಕ್ಷೆ ಮಾಡುವುದು ಅವರ ಚಾಳಿ ಎಂದೆ.

‘ಪರೀಕ್ಷೆ ಅಲ್ಲ ಸಾರ್. ಅಯ್ಯಾಗೆ ಎದುರಿನ ಬಸ್ಸೇ ಸರಿಯಾಗಿ ಕಾಣಲ್ಲ. ಮೊದಲನೇ ದಿನಾನೇ ಗೊತ್ತಾಯ್ತು, ಅದಕ್ಕೇ ಎಲ್ಲಾ ಹೇಳ್ಕೊಂಡು ಬರ್ತಿದ್ದೀನಿ’ ಅಂದ ಅವನು. ಆಮೇಲೆ ಮೆಲ್ಲಗೆ ಕೇಳಿದ: ‘ನಿಮಗೆ ಗೊತ್ತಿರಲಿಲ್ವಾ?’

ನನ್ನ ಲಾರಿಗಳ ಟಯರ್ ಎಷ್ಟು ಸವೆದಿದೆ ಎಂದು ರಸ್ತೆಯ ಆಚೆ ಬದಿಯಿಂದ ಹೇಳಬಲ್ಲೆ. ಭಾವನ ಕಣ್ಣು ಇಷ್ಟು ಸವೆದದ್ದು, ಅವರ ಬೆನ್ನಿಗೇ ಕೂತಿದ್ದ ನನಗೆ ತಿಳಿಯಲಿಲ್ಲ.

ಬೆಂಗಳೂರಿನಲ್ಲಿ ವಿಮಾನ ಇಳಿದು, ನನ್ನ ಕಾರಿನಲ್ಲಿ ಊರ ಕಡೆ ಹೊರಟೆವು. ಓಡಿಸುತ್ತಿದ್ದವನು ನಾನು; ಪಕ್ಕದಲ್ಲಿ ಭಾವ. ಮೈಸೂರು ದಾಟಿದರೂ ಒಂದು ಪ್ರಶ್ನೆಯಿಲ್ಲ. ಬಸ್ಸೋ ಲಾರಿಯೋ ಎಂದು ಪರದೇಶದವನನ್ನು ಕೇಳಿದವರು ನನ್ನನ್ನು ಕೇಳಲಿಲ್ಲ. ಅವರ ಕ್ಲೀನರನ್ನು ಹೇಗೆ ಕೇಳಿಯಾರು?

ನಂಜನಗೂಡು ಹತ್ತಿರವಾದಾಗ ನಾನೇ ಬಾಯಿ ಬಿಟ್ಟೆ. ಹಿಂದೆ ಲಾರಿಯ ಎಡ ಬಾಗಿಲಲ್ಲಿ ನೇತಾಡಿಕೊಂಡು ಕೂಗುತ್ತಿದ್ದೆನಲ್ಲ, ಅದೇ ಧಾಟಿ.

‘ಎಡಕ್ಕೆ ಕಬ್ಬಿನ ಟ್ರ್ಯಾಕ್ಟ್ರು, ಭಾವ. ಮುಂದೆ ಖಾಲಿ. ಕಪಿಲಾ ಸೇತ್ವೆ ಬಂತು.’

ಭಾವ ಗಕ್ಕನೆ ನನ್ನ ಕಡೆ ತಿರುಗಿದರು.

‘ನಾನೇನ್ ಕುರುಡನೇನ್ಲಾ? ಒಳೆ ಬಂದಿದ್ದು ಗೊತ್ತಾಗಕಿಲ್ವಾ ನಂಗೆ?’

ಸೇತುವೆ ಅರ್ಧ ಕಳೆಯಿತು. ಕಾಲ ಕೆಳಗಿಲ್ಲದ ಬ್ರೇಕಿನಿಂದ ಅವರು ಮೆಲ್ಲಗೆ ಪಾದ ತೆಗೆದರು. ಕಿಟಕಿಯ ಕಡೆ ಮುಖ ಮಾಡಿಕೊಂಡೇ ಅಂದರು:

‘ನೀರೆಷ್ಟದೆ, ಯೋಳು.’