ಮೇವಿನುಂಡೆಗೆ ಪ್ಲಾಸ್ಟರ್

ಮುಚ್ಚಿಟ್ಟಿದ್ದು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಅನ್ನ ಬೇಯುವಾಗ ಮುಚ್ಚಳ ಎತ್ತುತ್ತೇನೆ, ಉಪ್ಪಿನಕಾಯಿ ಭರಣಿ ತೆರೆದು ಮೂಸುತ್ತೇನೆ. ಮದುವೆಯಾದ ಇಪ್ಪತ್ತಾರು ವರ್ಷಗಳಲ್ಲಿ ನನ್ನಾಕೆ ಅತಿ ಹೆಚ್ಚು ಸಲ ಹೇಳಿದ ಮಾತು, "ಮುಚ್ರೀ ಅದನ್ನ." ಇಂಥ ನನಗೇ ರಸಮೇವಿನ ಉಸ್ತುವಾರಿ ವಹಿಸಿದರೆ ತಪ್ಪು ಯಾರದು, ನೀವೇ ಹೇಳಿ.

ಐಡಿಯಾ ಮಾತ್ರ ನನ್ನದೇ. ನಮಗಿರುವುದು ಒಂದೇ ಹಸು. ಅದಕ್ಕೆ ದಿನವೂ ಬೆಳಗ್ಗೆ ಐದಕ್ಕೆದ್ದು ಹುಲ್ಲು ಕೊಯ್ದು ತರುವವನು ನಾನು. ಸೊಂಟ ಬಿದ್ದುಹೋಗಿತ್ತು. ಆಗ ಪಕ್ಕದ ಹೊಲಕ್ಕೆ ಯಂತ್ರದವನೊಬ್ಬ ಬಂದ. ಹಸಿ ಜೋಳದ ದಂಟು ಕತ್ತರಿಸಿ, ಒತ್ತಿ, ಉಂಡೆ ಮಾಡಿ, ಪ್ಲಾಸ್ಟಿಕ್ ಸುತ್ತಿ ಕೊಡುತ್ತಾನೆ. ಗಾಳಿ ತಾಗದೆ ನಲವತ್ತೈದು ದಿನ ಇದ್ದರೆ ಒಳಗೇ ಹುದುಗು ಬಂದು ಹದವಾಗುತ್ತದೆ, ತಿಂಗಳುಗಟ್ಟಲೆ ಕೆಡುವುದಿಲ್ಲ. ಇದೇ ರಸಮೇವು. ಹನ್ನೆರಡು ಉಂಡೆ ಮಾಡಿಸಿದೆ. ಅಂದರೆ ನಲವತ್ತು ದಿನದ ಮೇವು. ಅಂದರೆ ನಲವತ್ತು ದಿನದ ಬೆಳಗಿನ ನಿದ್ದೆ!

"ಯಜಮಾನ್ರೇ, ಸೂಜಿಮೊನೆಯಷ್ಟು ತೂತಾದ್ರೂ ಬೂಷ್ಟು ಹಿಡಿಯುತ್ತೆ," ಎಂದ ಯಂತ್ರದವನು. ಹೇಳಿದ್ದು ನನಗೆ, ನೋಡಿದ್ದು ನನ್ನಾಕೆಯ ಕಡೆ.

ಮರುದಿನ ಕೊಟ್ಟಿಗೆಯಲ್ಲಿ ಉಂಡೆ ಎಣಿಸಿದೆ. ಹನ್ನೊಂದು. ಮತ್ತೆ ಎಣಿಸಿದರೂ ಹನ್ನೊಂದೇ. ಶಾಲೆಯಿಂದಲೂ ನನ್ನ ಲೆಕ್ಕ ಹೀಗೇ ಎಂದು ಸುಮ್ಮನಾದೆ.

ಹತ್ತನೆಯ ದಿನ ಸಂಶಯ ಶುರುವಾಯಿತು. ಒಳಗೆ ಹದ ಬರುತ್ತಿದೆಯೋ, ಕೊಳೆಯುತ್ತಿದೆಯೋ? ಹೊಣೆ ಹೊತ್ತವನಿಗೆ ಗೊತ್ತಿರಬೇಡವೇ? ಒಂದು ಉಂಡೆಗೆ ಬೆರಳು ತೂರುವಷ್ಟು ತೂತು ಮಾಡಿ ಮೂಸಿದೆ. ಪರವಾಗಿಲ್ಲ ಅನ್ನಿಸಿತು. ಮುಚ್ಚಲು ಅಂಟುಪಟ್ಟಿ ಇರಲಿಲ್ಲ, ಔಷಧಿ ಡಬ್ಬಿಯಲ್ಲಿ ಗಾಯಕ್ಕೆ ಹಚ್ಚುವ ಪ್ಲಾಸ್ಟರ್ ಇತ್ತು. ಅಂಟಿಸಿದೆ. ಆದರೆ ಒಂದನ್ನು ನೋಡಿ ಉಳಿದವನ್ನು ನಂಬುವುದು ಹೇಗೆ? (ಒಂದಗುಳು ಹಿಸುಕಿದರೆ ಸಾಕು ಎನ್ನುತ್ತಾರೆ. ಅದು ಅನ್ನದ ಮಾತು, ಮೇವಿನದಲ್ಲ.) ದಿನಕ್ಕೊಂದರಂತೆ ಹನ್ನೊಂದನ್ನೂ ಪರೀಕ್ಷಿಸಿದೆ.

ಇಷ್ಟು ದಿನವೂ ಮಂಚದ ಕೆಳಗೆ ಕಂಬಳಿ ಹೊದಿಸಿದ ಗಂಟೊಂದು ನನ್ನ ಕಾಲ್ಬೆರಳಿಗೆ ತಾಗುತ್ತಿತ್ತು. "ನಿಮ್ಮ ಹಳೇ ಅಂಗಿಗಳು. ಬೇಕಾದ್ದು ಬೇಡದ್ದು ಆರಿಸಿಕೊಡಿ," ಎಂದಿದ್ದಳು ನನ್ನಾಕೆ. ಕೆಲಸ ಇರುವ ಗಂಟನ್ನು ನಾನು ಬಿಚ್ಚುವುದಿಲ್ಲ.

ನಲವತ್ತೈದನೆಯ ದಿನ ಆಕೆ ಕತ್ತರಿ ಹಿಡಿದು ಕೊಟ್ಟಿಗೆಗೆ ಬಂದಳು.

"ಇದೇನ್ರೀ, ಮೇವೋ, ಆಸ್ಪತ್ರೆಯೋ?"

"ಕಾಗೆ ಕುಕ್ಕಿರಬೇಕು ಕಣೇ."

"ಕುಕ್ಕಿ, ಆಮೇಲೆ ಪ್ಲಾಸ್ಟರೂ ಹಚ್ಚಿ ಹೋಯ್ತಾ?"

ಮೊದಲ ಉಂಡೆ ಕತ್ತರಿಸಿದಳು. ಒಳಗೆಲ್ಲ ಬೆಳ್ಳಗೆ ಬೂಷ್ಟು. ಎರಡನೆಯದೂ ಅಷ್ಟೇ. ಹಸು ಮೂಸಿ ಮುಖ ತಿರುಗಿಸಿತು. ನಾಲ್ಕನೆಯದಕ್ಕೆ ಆಕೆ ಕತ್ತರಿ ಕೆಳಗಿಟ್ಟಳು. ನನಗೆ ನಿಜಕ್ಕೂ ನಾಚಿಕೆಯಾಯಿತು. ಹನ್ನೊಂದೂ ಗೊಬ್ಬರದ ಗುಂಡಿ ಸೇರಿದವು.

"ಬನ್ನಿ, ಕೈ ಹಾಕಿ," ಎಂದು ಮಲಗುವ ಕೋಣೆಗೆ ಕರೆದೊಯ್ದು ಮಂಚದ ಕೆಳಗಿನ ಗಂಟನ್ನು ಎಳೆದಳು. ಕಂಬಳಿ ತೆಗೆದರೆ ಹನ್ನೆರಡನೆಯ ಉಂಡೆ! ಕೊಟ್ಟಿಗೆಗೆ ಉರುಳಿಸಿ ಕತ್ತರಿಸಿದಾಗ ಹಸಿರು ಮಿಶ್ರಿತ ಹಳದಿ ಮೇವು, ಹಿತವಾದ ಹುಳಿವಾಸನೆ. ಹಸು ಹಗ್ಗ ಕಿತ್ತುಕೊಂಡು ಬಂತು.

"ಯಂತ್ರದವನ ಕೈಲೇ ಅಲ್ಲಿಡಿಸಿದ್ದೆ. ಅಂಗಿ ಅಂದ್ರೆ ನೀವು ಮುಟ್ಟಲ್ಲ ಅಂತ ಗೊತ್ತಿತ್ತು," ಎಂದಳು. "ಮುಂದಿನ ಸಲ ಹನ್ನೆರಡನ್ನೂ ಆ ಕೋಣೇಲೇ ಇಡೋದು."

"ಮತ್ತೆ ನಾನೆಲ್ಲಿ ಮಲಗೋದು?"

ಆಕೆ ಗೋಡೆಯಲ್ಲಿದ್ದ ಕುಡುಗೋಲು ತೆಗೆದು ನನ್ನ ಕೈಗಿಟ್ಟಳು.

"ಐದಕ್ಕೇ ಎದ್ದು ಹುಲ್ಲಿಗೆ ಹೋಗೋರಿಗೆ ಮಂಚ ಯಾಕ್ರೀ?"